ಪಾಳಿಯಲ್ಲಿಟ್ಟ ಬಟ್ಟಲು

ಹಸ್ತ ಮಳೆ ಹದವಾಗಿ ಸುರಿದು ನಿಂತಿತ್ತು. ಎರೆಭೂಮಿಯ ಮಣ್ಣು ಕಾಲಿಗೆ ಅಂಟುವುದು ಬಿಟ್ಟಿತ್ತು, ಮುಷ್ಟಿಯಲ್ಲಿ ಹಿಡಿದರೆ ಮಾತ್ರ ಉಂಡೆಯಾಗುತ್ತಿತ್ತು. ಬಿಳಿಜೋಳ ಬಿತ್ತಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಅಂಥ ದಿನಗಳಲ್ಲಿ ಬಡಿಗನಿಗೆ ಕೂತು ರೊಟ್ಟಿ ತಿನ್ನಲೂ ಪುರುಸೊತ್ತು ಇರುವುದಿಲ್ಲ. ಒಬ್ಬನ ಬಿತ್ತುವ ಕೂರಿಗೆಯ ತಾಳು ಮುರಿದಿರುತ್ತದೆ, ಇನ್ನೊಬ್ಬನ ನೊಗ ಸೀಳಿರುತ್ತದೆ, ಮತ್ತೊಬ್ಬನಿಗೆ ಬೇಸಿಗೆಯೆಲ್ಲ ನೆನಪಾಗದ ನೇಗಿಲ ಮೇಳಿ ಈಗ ನೆನಪಾಗಿರುತ್ತದೆ. ಎಲ್ಲರಿಗೂ ಇವತ್ತೇ ಬೇಕು. ನನಗೆ ಮೊದಲೇ ಮೂಗಿನ ಮೇಲೆ ಸಿಟ್ಟು, ಆ ದಿನಗಳಲ್ಲಂತೂ ಹೆಂಡತಿಯೂ ದೂರ ನಿಂತೇ ನೀರು ಕೊಡುತ್ತಿದ್ದಳು.

ನಮ್ಮೂರು ಅಫಜಲಪುರ ತಾಲೂಕಿನದು, ಅತನೂರಿನ ಆಚೆ, ಭೀಮಾ ಹೊಳೆಯ ದಂಡೆಗೆ. ಸಾವಿರದ ಒಂಬೈನೂರ ನಲವತ್ತೆಂಟರ ಮಾತು. ನಿಜಾಮನ ಆಳ್ವಿಕೆ ಮುಗಿದು ಇನ್ನೂ ತಿಂಗಳು ತುಂಬಿರಲಿಲ್ಲ. ಹಿಂದಿನ ವರ್ಷ ರಜಾಕಾರರ ಹಾವಳಿಗೆ ಹೆದರಿ ಹೊಳೆ ದಾಟಿ ಬಿಜಾಪುರ ಸೀಮೆಯ ಶಿಬಿರಗಳಿಗೆ ಹೋಗಿದ್ದವರು ಒಬ್ಬೊಬ್ಬರಾಗಿ ಮರಳುತ್ತಿದ್ದರು. ಕೆಲವರ ಮನೆ ಇತ್ತು, ಕೆಲವರದು ಬರೀ ಗೋಡೆ ನಿಂತಿತ್ತು. ಮನೆ ಆಮೇಲೆ ನೋಡಿದರಾಯಿತು, ಮೊದಲು ಬಿತ್ತಬೇಕು ಎಂಬ ಅವಸರ ಮಾತ್ರ ಎಲ್ಲರಲ್ಲೂ ಒಂದೇ.

ನಮ್ಮಲ್ಲಿ ಬಡಿಗನಿಗೆ ಕೂಲಿ ಎಂಬುದಿರಲಿಲ್ಲ, ಆಯ ಇತ್ತು. ಸುಗ್ಗಿಯಲ್ಲಿ ರಾಶಿಯಾದಾಗ ಪ್ರತಿ ಹೊಲದ ಕಣದಿಂದ ನಮಗೆ ಇಷ್ಟು ಜೋಳ ಎಂದು ಅಜ್ಜ ಮುತ್ತಜ್ಜರ ಕಾಲದಿಂದ ನಡೆದು ಬಂದದ್ದು. ಅದಕ್ಕೆ ಪ್ರತಿಯಾಗಿ ವರ್ಷವಿಡೀ ಆ ರೈತನ ಸಾಮಾನು ದುರಸ್ತಿ ಮಾಡಿಕೊಡುವುದು ನಮ್ಮ ಕೆಲಸ. ಮರ ರೈತ ತರಬೇಕು, ಕೆಲಸ ನಾವು ಮಾಡಬೇಕು. ರೈತ ಬೇರೆ ಊರಿನ ಬಡಿಗನ ಹತ್ತಿರ ಹೋಗುವಂತಿಲ್ಲ, ನಾವು ಬೇರೆ ಊರಿನ ಕೆಲಸ ಹಿಡಿಯುವಂತಿಲ್ಲ. ಬಿತ್ತಿಗೆಯ ಕಾಲದಲ್ಲಿ ಪಾಳಿ ಹಿಡಿಯುವುದಕ್ಕೂ ಒಂದು ರಿವಾಜು ಇತ್ತು. ಮುರಿದ ಸಾಮಾನನ್ನು ನನ್ನ ಚಪ್ಪರದ ಮುಂದೆ ಸಾಲಿಗೆ ತಂದಿಟ್ಟು ಯಜಮಾನ ಮನೆಗೆ ಹೋಗಬಹುದು, ಸಾಮಾನೇ ಅವನ ಪರವಾಗಿ ನಿಲ್ಲುತ್ತದೆ. ಇನ್ನೊಬ್ಬರ ಸಾಮಾನು ಸರಿಸಿದರೆ ಜಗಳವೇ. ಊರಿನ ಮಾಲಿಪಾಟೀಲರಿಗೂ ಅದೇ ನಿಯಮ. ಅವರು ಮಾತ್ರ ನಸುಕಿನಲ್ಲೇ ಆಳನ್ನು ಕಳಿಸಿ ತಮ್ಮ ಕೂರಿಗೆಯನ್ನು ಎಲ್ಲಕ್ಕಿಂತ ಮುಂದೆ ಇಡಿಸುತ್ತಿದ್ದರು, ಅಷ್ಟೇ ಫರಕು.

ಅಂಥ ಒಂದು ಮುಂಜಾನೆ ಸಾಲಿನ ಕೊನೆಗೆ ಒಬ್ಬ ಹೆಣ್ಣುಮಗಳು ಬಂದು ಸೆರಗಿನಿಂದ ಒಂದು ಬಟ್ಟಲು ತೆಗೆದು ಇಟ್ಟಳು. ಕೂರಿಗೆಯ ಮೇಲೆ ಕೂರುವ ಮರದ ಬಟ್ಟಲು, ಬೀಜ ಸುರಿಯುವಂಥದು, ತಳದಲ್ಲಿ ಮೂರು ತೂತು. ಬೇರೇನೂ ಇಲ್ಲ. ಅಡ್ಡಮರದ ದಿಂಡಿಲ್ಲ, ಅದಕ್ಕೆ ಕೂತು ನೆಲ ಸೀಳುವ ತಾಳಿಲ್ಲ, ಬೀಜ ಇಳಿಯುವ ಕೊಳವೆ ಇಲ್ಲ. ನೆಲದ ಮೇಲೆ ಇಟ್ಟು, ಅದು ಉರುಳದಂತೆ ಪಕ್ಕಕ್ಕೊಂದು ಕಲ್ಲು ಕೊಟ್ಟು, ಬೇವಿನ ಕಟ್ಟೆಯ ಮೇಲೆ ಕೂತುಬಿಟ್ಟಳು.

ಅವಳು ಹೊಳೆದಂಡೆಯ ಹೊಲದವಳು. ಹಿಂದಿನ ವರ್ಷ ಜೋಳ ಹಾಲುಗಾಳು ಹಿಡಿಯುವ ಹೊತ್ತಿಗೆ ಗಂಡನ ಜೊತೆ ಹೊಳೆ ದಾಟಿದ್ದಳು, ಗಂಡ ಶಿಬಿರದಲ್ಲಿ ಜ್ವರ ಬಂದು ತೀರಿಕೊಂಡಿದ್ದ. ಮನೆ, ಎತ್ತಿನ ಕೊಟ್ಟಿಗೆ, ಕೂರಿಗೆ ಎಲ್ಲವೂ ಸುಟ್ಟಿದ್ದವು. ಬಿತ್ತಿಗೆ ಮುಗಿದ ಮೇಲೆ ಬಟ್ಟಲನ್ನು ಬಿಚ್ಚಿ ದೇವರ ಮಾಡದಲ್ಲಿ ಇಟ್ಟು ಪೂಜೆ ಮಾಡುವುದು ನಮ್ಮ ಕಡೆ ಪದ್ಧತಿ. ಓಡುವಾಗ ದೇವರ ಜೊತೆ ಬಟ್ಟಲೂ ಅವಳ ಗಂಟಿನಲ್ಲಿ ಬಂದಿತ್ತು.

ಪಾಟೀಲರ ಮನೆಯ ಕಾರಭಾರಿ ಅಲ್ಲೇ ನಿಂತಿದ್ದ. ಬಟ್ಟಲು ಇಟ್ಟು ಪಾಳಿ ಹಿಡಿಯುವುದು ಯಾವ ಊರ ರಿವಾಜು ಎಂದು ನಕ್ಕ. ಹೋದ ಸುಗ್ಗಿಯ ಆಯ ಕೊಡದವರಿಗೆ ಈ ವರ್ಷ ಪಾಳಿ ಎಲ್ಲಿಂದ ಬಂತು ಎಂದೂ ಕೇಳಿದ. ಕೂತಿದ್ದ ಇಬ್ಬರು ಹಿರಿಯರು ಹೌದೆಂದು ಗೋಣು ಹಾಕಿದರು. ಖರೇ ಹೇಳುತ್ತೇನೆ, ನನಗೂ ಅದು ಸರಿಯೆನಿಸಿತು. ಆಯ ಇಲ್ಲ ಎಂದರೆ ಪಾಳಿ ಇಲ್ಲ, ಅದರಲ್ಲಿ ವಿಚಾರ ಮಾಡುವಂಥದೇನಿದೆ? ಆದರೆ ಆ ಹೆಣ್ಣುಮಗಳ ಮುಖ ನೋಡಿ ಮರುಕ ಬಂತು. ಮಂದಿ ಕರಗಿದ ಮೇಲೆ ಹತ್ತಿರ ಹೋಗಿ, “ಯಕ್ಕಾ, ಪಾಳಿ ಗೀಳಿ ಬಿಡು. ಎಲ್ಲಾರ್ದೂ ಮುಗೀಲಿ, ನಾನ ಒಂದು ಮಾಡಿ ಕೊಡ್ತೇನಿ. ಧರ್ಮಕ್ಕ,” ಎಂದೆ.

ಅವಳು ಕಟ್ಟೆಯಿಂದ ಏಳಲಿಲ್ಲ.

“ಧರ್ಮಕ್ಕ ಕೊಟ್ಟದ್ದು ನಾಳೆ ನಿಮ್ಮ ಮನಸ್ಸಿಗೆ ಬರಲಿಲ್ಲಂದ್ರ ಇಲ್ರಿ. ಊರಾಗ ಆಯ ಇಲ್ಲದಾಕಿ, ಬೇಡಿ ಬಿತ್ತಿದಾಕಿ ಅಂತ ಆದ್ರ ಆ ಹೊಲ ನಂದು ಅಂತ ಯಾರು ಅಂತಾರ? ನನಗ ಧರ್ಮ ಬ್ಯಾಡ ಅಣ್ಣಾ. ನನ್ನ ಪಾಳಿ ಕೊಡ್ರಿ.”

ನನಗೆ ಕೆಟ್ಟ ಸಿಟ್ಟು ಬಂತು. ಪುಕ್ಕಟೆ ಮಾಡಿಕೊಡುತ್ತೇನೆಂದರೂ ಇವಳ ಠೇಂಕಾರ ನೋಡು ಎಂದು ಗೊಣಗುತ್ತ ಬಾಚಿ ಹಿಡಿದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿಯ ಮುಂದೆಯೂ ಅದನ್ನೇ ಅಂದೆ. ನನ್ನ ಹೆಂಡತಿ ಆಳಂದದ ಕಡೆಯವಳು, ಮಾತು ಖಾರ. ಹೋದ ಸಲ ಪಾಟೀಲರ ಕಣದಲ್ಲಿ ಆಯ ಕಮ್ಮಿ ಅಳೆದಾಗ ನಾನು ಊರೆಲ್ಲ ಕೇಳುವ ಹಾಗೆ ‘ನನ್ನ ಹಕ್ಕು’ ಎಂದು ಕೂಗಾಡಿದ್ದನ್ನು ಎತ್ತಿದಳು. “ಅವತ್ತು ಪಾಟೀಲ್ರು ಧರ್ಮಕ್ಕ ತಗೋ ಅಂತ ಒಂದ ಮೊರ ಜೋಳ ಚೆಲ್ಲಿದ್ರ ಸುಮ್ಮನ ಬರ್ತಿದ್ರೇನ್ರಿ?” ಎಂದು ಕೇಳಿ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಆ ರೊಟ್ಟಿ ಹಾಗೇ ಬಿಟ್ಟು ಎದ್ದೆ.

ಆ ಹೆಣ್ಣುಮಗಳ ಅವಸರ ಏನೆಂಬುದು ಸಂಜೆಯೊಳಗೆ ಗೊತ್ತಾಯಿತು. ಜೇವರ್ಗಿ ತಾಲೂಕಿನ ಇಜೇರಿ ಅವಳ ತವರು. ಅಲ್ಲಿಂದ ಅವಳ ತಮ್ಮ ತನ್ನ ಎತ್ತು ಹೊಡೆದುಕೊಂಡು ಬಂದಿದ್ದ. ಅವನ ಹೊಲವೂ ಬಿತ್ತಬೇಕಿತ್ತು, ಬಹಳ ದಿನ ನಿಲ್ಲುವಂತಿರಲಿಲ್ಲ. ಇತ್ತ ಪಾಟೀಲರು ಹೋದ ವರ್ಷ ಬೆಳೆ ಕೊಯ್ದ ಹಾಗೆಯೇ ಈ ವರ್ಷ ಆ ಹೊಲವನ್ನು ತಮ್ಮ ಆಳಿನಿಂದ ಬಿತ್ತಿಸುವ ತಯಾರಿಯಲ್ಲಿದ್ದರು. ಬೀಜ ಯಾರದೋ ಹೊಲ ಅವರದು ಎಂದು ಊರು ತಿಳಿಯುವ ಕಾಲ ಅದು. ಕಾಗದಪತ್ರ ಅವಳ ಮನೆಯ ಜೊತೆ ಸುಟ್ಟಿತ್ತು. ಈ ಹದದಲ್ಲಿ ಅವಳು ಬಿತ್ತಿದರೆ ಹೊಲ ಉಳಿಯಿತು, ಬಿತ್ತದಿದ್ದರೆ ಮುಗಿಯಿತು.

ಮರುದಿನ ಮುಂಜಾನೆ ಬಂದು ನೋಡಿದರೆ ಬಟ್ಟಲು ಸಾಲಿನಲ್ಲಿ ಇರಲಿಲ್ಲ. ಕಾರಭಾರಿ ಎತ್ತಿ ಬೇವಿನ ಕಟ್ಟೆಯ ಹಿಂದೆ ಬೋರಲಾಗಿ ಇಟ್ಟಿದ್ದ. ಅವಳು ಬಂದಳು, ಹುಡುಕಿದಳು, ಧೂಳು ಒರೆಸಿ ಮತ್ತೆ ಅದೇ ಜಾಗದಲ್ಲಿ ಇಟ್ಟಳು. ಅವನು ಮತ್ತೆ ಎತ್ತಲು ಹೋದ. ಇವಳು ಅಡ್ಡ ನಿಂತಳು. ಗದ್ದಲಕ್ಕೆ ಊರು ಕೂಡಿತು, ಪಾಟೀಲರೂ ಶಾಲು ಹೊದ್ದು ಬಂದರು. ಅವರು ಕೂಗಾಡುವ ಮನುಷ್ಯರಲ್ಲ, ಮೆಲ್ಲಗೆ ಮಾತಾಡಿಯೇ ಕೆಲಸ ಸಾಧಿಸುವವರು. ಆಯ ಕೊಟ್ಟವರಿಗೆ ಪಾಳಿ, ಇದು ನಾವು ನೀವು ಮಾಡಿದ್ದಲ್ಲ, ಹಿರಿಯರು ಮಾಡಿದ್ದು ಎಂದರು.

ಅವಳು ಪಾಟೀಲರ ಕಡೆ ತಿರುಗಲೇ ಇಲ್ಲ. ನನ್ನ ಕಡೆ ತಿರುಗಿದಳು.

“ಅಣ್ಣಾ, ನಾ ಹೊಳಿ ಆಚಿ ಇದ್ದೆ. ನೀವು ಊರಾಗ ಇದ್ರಿ. ಹೋದ ಸುಗ್ಗ್ಯಾಗ ನಮ್ಮ ಹೊಲದ ರಾಶಿ ಆತಿಲ್ಲೊ? ಆ ರಾಶಿಯೊಳಗ ನೀವು ಆಯ ತಗೊಂಡ್ರಿಲ್ಲೊ? ಅಷ್ಟು ಹೇಳ್ರಿ ಸಾಕು.”

ಕೈಯಲ್ಲಿದ್ದ ಬಾಚಿ ಹಾಗೇ ನಿಂತಿತು. ರಾಶಿ ಆಗಿತ್ತು. ಅವರು ಬಿಟ್ಟು ಹೋದ ಬೆಳೆಯನ್ನು ಪಾಟೀಲರ ಆಳುಗಳು ಕೊಯ್ದು, ಪಾಟೀಲರ ಕಣಕ್ಕೇ ತಂದು, ಬೇರೆಯಾಗಿ ರಾಶಿ ಹಾಕಿದ್ದರು. ಹೊಳೆದಂಡೆಯ ಹೊಲದ್ದು ಎಂದು ಹೇಳಿಯೇ ಕಾರಭಾರಿ ನನ್ನ ಚೀಲಕ್ಕೆ ಅಳೆದಿದ್ದ. ನಾನೂ ಪ್ರತಿ ವರ್ಷದ ಹಾಗೆ ಹೊತ್ತು ತಂದಿದ್ದೆ. ಹೊಲ ಬೆಳೆದಿದೆ, ರಾಶಿಯಾಗಿದೆ, ಬಡಿಗನ ಆಯ ಬಂದಿದೆ. ಅದರಾಚೆ ನನಗೆ ಯೋಚನೆಯೇ ಬಂದಿರಲಿಲ್ಲ.

ಈಗ ಹೌದೆಂದರೆ ಎರಡು ಮಾತು ಒಮ್ಮೆಲೇ ಹೊರಬೀಳುತ್ತವೆ. ಅವಳ ಹೊಲದ ಆಯ ನನಗೆ ಸಂದಿದೆ, ಆ ಬೆಳೆ ಪಾಟೀಲರ ಮನೆ ಸೇರಿದೆ. ಎರಡನೆಯದನ್ನು ಊರೇ ಬಲ್ಲದು, ಆದರೆ ಗಟ್ಟಿಯಾಗಿ ಅಂದವರು ಯಾರೂ ಇರಲಿಲ್ಲ. ಅಫಜಲಪುರದಲ್ಲಿ ಹೊಸ ಸರಕಾರದ ಅಧಿಕಾರಿಗಳು ಕೂತು ಇಂಥ ದೂರುಗಳನ್ನೇ ಕೇಳುತ್ತಿದ್ದ ದಿನಗಳು ಅವು. ಪಾಟೀಲರು ನನ್ನನ್ನು ನೆಟ್ಟಗೆ ನೋಡಿದರು. ಊರಿನ ಅರ್ಧ ಹೊಲ ಅವರದು, ನನ್ನ ಅರ್ಧ ಆಯ ಅವರ ಕಣದಿಂದ ಬರುವುದು. ಹೆದರಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಅವಳು ಕೇಳಿದ್ದು ಕರುಣೆಯಾಗಿದ್ದರೆ ನಾನು ಏನಾದರೂ ನೆವ ಹೇಳಿ ಜಾರಿಕೊಳ್ಳುತ್ತಿದ್ದೆನೋ ಏನೋ. ಕೇಳಿದ್ದು ಲೆಕ್ಕ. ನಾನು ತಿಂದ ಜೋಳಕ್ಕೆ ಕೆಲಸ ಕೇಳುತ್ತಿದ್ದಳು. ಅದಕ್ಕೆ ಇಲ್ಲವೆಂದರೆ ನಾನು ಬಡಿಗ ಹೇಗಾದೇನು?

“ತಗೊಂಡೇನಿ,” ಎಂದೆ. “ಹೊಳಿದಂಡಿ ಹೊಲದ ರಾಶಿಯೊಳಗಿಂದು ಅಂತ ಹೇಳೇ ಅಳದಾರ. ಆಯ ಬಂದದ. ಪಾಳಿ ಆಕಿದು.”

ಪಾಟೀಲರ ಮುಖದಲ್ಲಿ ಏನೂ ಕಾಣಲಿಲ್ಲ. ಶಾಲಿನ ಅಂಚು ಸರಿಮಾಡಿಕೊಂಡು, ಹಾಗಿದ್ದರೆ ಪಾಳಿ ಕೊಡು, ನಾನು ಬೇಡವೆನ್ನುವುದಿಲ್ಲ, ಆದರೆ ಆಯದಲ್ಲಿ ಬರುವುದು ದುರಸ್ತಿ, ಬರೀ ಬಟ್ಟಲಿಗೆ ಕೂರಿಗೆ ಹಚ್ಚುವುದು ದುರಸ್ತಿಯಲ್ಲ, ಹೊಸದು ಎಂದರು. ಹೊಸ ಕೂರಿಗೆ ಮಾಡುವುದು ಬೇಸಿಗೆಯಲ್ಲಿ, ಅದಕ್ಕೆ ಆಯದ ಹೊರಗೆ ಬೇರೆ ಕೊಡಬೇಕು. ಅದೂ ಹಿರಿಯರ ಮಾತೇ ಎಂದರು. ಬಲು ಬೆರಕಿ ಮನುಷ್ಯ. ಒಂದು ಕೈಯಿಂದ ಕೊಟ್ಟು ಇನ್ನೊಂದರಿಂದ ಕಸಿದುಕೊಂಡರು. ಅವಳ ಮುಖ ಮೊದಲ ಸಲ ಬಾಡಿತು, ಯಾಕೆಂದರೆ ಅದು ಸುಳ್ಳಲ್ಲ.

ನನಗೆ ತಡೆಯಲಾಗಲಿಲ್ಲ. ಸಾಲಿನ ಮುಂದಿನ ತುದಿಯಲ್ಲಿ ಪಾಟೀಲರ ಕೂರಿಗೆಯೇ ನಿಂತಿತ್ತು. ಹೋಗಿ ಅದರ ಮೇಲೆ ಕೈಯಿಟ್ಟೆ.

“ಪಾಟೀಲ್ರ, ಇದರ ದಿಂಡು ನಮ್ಮಪ್ಪ ಬದಲ ಮಾಡಿದ್ದು. ತಾಳು ನಾ ಹಾಕಿದ್ದು. ನೊಗಕ್ಕ ಕಟ್ಟೂ ಈಸು ಮೊನ್ನೆ ಮೊನ್ನೆದು. ನಿಮ್ಮ ಅಜ್ಜನ ಕಾಲದ್ದು ಅಂತ ಉಳದದ್ದು ಬಟ್ಟಲೊಂದ. ಎಲ್ಲಾ ದುರಸ್ತಿ ಅಂತ ಆಯದಾಗ ಮಾಡೇವಿ. ಹೊಸಾದು ಅಂತೀರಂದ್ರ ಹೇಳ್ರಿ. ನಮ್ಮಪ್ಪನ ಕಾಲದಿಂದ ನನಗ ಬರೂದು ಬಾಳ ಆಗ್ತದ.”

ಹಿರಿಯರಲ್ಲಿ ಒಬ್ಬರು ರುಮಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಯಾಕೆಂದರೆ ಊರಿನಲ್ಲಿ ಎಲ್ಲರ ಕೂರಿಗೆಯ ಕಥೆಯೂ ಅದೇ. ಒಂದು ವರ್ಷ ತಾಳು, ಇನ್ನೊಂದು ವರ್ಷ ದಿಂಡು ಬದಲಾಗಿ ಹುಟ್ಟಿದಾಗ ಇದ್ದದ್ದು ಒಂದೂ ಉಳಿದಿರುವುದಿಲ್ಲ, ಆದರೂ ಅದು ಅಜ್ಜನ ಕೂರಿಗೆಯೇ. ಇವಳದು ಒಂದೇ ಸಲ ಹೋಗಿದೆ, ಅಷ್ಟೇ. ಪಾಟೀಲರು ಹೊರಟರು. ಹೋಗುವಾಗ, ಸುಗ್ಗಿ ಬರುತ್ತದಲ್ಲ ಬಡಿಗೇರ, ನೋಡೋಣ ಎಂದು ಮಾತ್ರ ಅಂದರು.

ಗೆದ್ದೆವೆಂದು ಕೂರುವಂತಿರಲಿಲ್ಲ, ಕೆಲಸ ಇದ್ದದ್ದು ಅಲ್ಲಿಂದಾಚೆಗೆ. ಅವಳ ಪಾಳಿ ಸಾಲಿನ ಕೊನೆಗೆ. ಹದ ಆರುತ್ತಿತ್ತು, ಇಜೇರಿಯ ತಮ್ಮ ದಿನಾ ಬಂದು ಆಕಾಶ ನೋಡಿ ಹೋಗುತ್ತಿದ್ದ. ಅವಳದನ್ನು ಮುಂದೆ ಎಳೆದುಬಿಡಲೇ ಎಂದು ಕೈ ತುರಿಸುತ್ತಿತ್ತು. ಆದರೆ ಹಾಗೆ ಮಾಡಿದರೆ ಪಾಳಿ ಮುರಿದವನು ನಾನೇ ಆಗುತ್ತಿದ್ದೆ, ಪಾಟೀಲರಿಗೆ ಬಾಯಿ ಬರುತ್ತಿತ್ತು. ಹಕ್ಕಿನಿಂದ ಬಂದದ್ದು ಹಕ್ಕಿನ ಹಾದಿಯಲ್ಲೇ ಬರಲಿ ಎಂದು ಹಟ ಹಿಡಿದೆ. ಬೆಳಕು ಹರಿಯುವುದಕ್ಕೆ ಮೊದಲೇ ಬಾಚಿ ಹಿಡಿದು ಮುಂದಿನವರ ಕೆಲಸ ಒಂದೊಂದಾಗಿ ಮುಗಿಸತೊಡಗಿದೆ. ಹರಟೆಗೆ ಬಂದವರನ್ನು ಬೈದು ಅಟ್ಟಿದೆ. ಒಬ್ಬ ಮುದುಕ ತನ್ನ ನೊಗವನ್ನು ತಾನೇ ಸಾಲಿನಿಂದ ಎತ್ತಿಕೊಂಡ. ತಮ್ಮದು ತಗ್ಗಿನ ಹೊಲ, ಇನ್ನೂ ಹಸಿ ಅದ, ನಾಲ್ಕು ದಿನ ಬಿಟ್ಟು ತರುತ್ತೇನೆ ಎಂದು ಯಾರ ಮುಖವನ್ನೂ ನೋಡದೆ ಹೋದ. ಅವನನ್ನು ನೋಡಿ ಮತ್ತೊಬ್ಬನೂ ಹಾಗೇ ಮಾಡಿದ.

ಮರ ರೈತ ತರಬೇಕಲ್ಲ. ಅವಳೂ ಅವಳ ತಮ್ಮನೂ ಸುಟ್ಟ ಮನೆಯ ಬಾಗಿಲ ಚೌಕಟ್ಟು ಕಿತ್ತು ತಂದರು. ಒಳ್ಳೆಯ ಜಾಲಿಮರ, ಒಂದು ಮಗ್ಗುಲು ಇದ್ದಲಾಗಿತ್ತು. ಕರಿಯನ್ನು ಕೆತ್ತುತ್ತ ಹೋದೆ. ಒಳಗೆ ಕೆಂಪಗಿನ ಗಟ್ಟಿ ಮರ ಸಿಕ್ಕಿತು, ಆದರೆ ದಿಂಡಿಗೆ ಬೇಕಾದ ದಪ್ಪಕ್ಕೆ ಕೂದಲೆಳೆಯಷ್ಟೇ ಹೆಚ್ಚು. ಮೂರು ತಾಳು ಕೂರಲು ಮೂರು ಕುಣಿ ತೆಗೆಯಬೇಕು, ಮೂರೂ ಒಂದೇ ಓರೆಗೆ. ಎರಡು ಸರಿಯಾದವು. ಮೂರನೆಯದನ್ನು ಕೊರೆಯುವಾಗ ಉಳಿ ಟಣ್ ಎಂದಿತು. ಹಳೆಯ ಮೊಳೆ ಒಳಗೆ ಮುರಿದು ಕೂತಿತ್ತು. ದಿಂಡು ತುದಿಯಿಂದ ಒಂದು ಗೇಣು ಸೀಳಿತು.

ಉಳಿ ಬಿಸಾಕಿ ಎದ್ದು ಹೊರಗೆ ಹೋಗಿ ನಿಂತೆ. ಚೌಕಟ್ಟಿನ ಇನ್ನೊಂದು ಕಂಬ ಪೂರ್ತಿ ಸುಟ್ಟದ್ದು, ಅಷ್ಟು ದಪ್ಪದ ಬೇರೆ ಒಣಮರ ಅವಳಲ್ಲಿಲ್ಲ, ಹಸಿಮರದಲ್ಲಿ ಮಾಡಿದರೆ ಬಿಸಿಲಿಗೆ ತಿರುಚಿ ಸಾಲು ಅಡ್ಡಾದಿಡ್ಡಿ ಹೋಗುತ್ತದೆ. ಅವಳು ಕಟ್ಟೆಯ ಮೇಲೆ ಕೂತು ನೋಡುತ್ತಲೇ ಇದ್ದಳು. ಮತ್ತೆ ಬಂದು ಕೂತೆ. ಮೊಳೆಯನ್ನು ಇಕ್ಕಳದಲ್ಲಿ ಎಳೆದು, ಸೀಳಿದ ಕಡೆ ಎರಡು ತೂತು ಕೊರೆದು, ಪಕ್ಕದ ಕಮ್ಮಾರನಿಂದ ಕಬ್ಬಿಣದ ಪಟ್ಟಿ ಸುತ್ತಿಸೋಣ ಎಂದುಕೊಂಡೆ. ಕಮ್ಮಾರ ಆವರೆಗೆ ನಮ್ಮ ಗೊಡವೆಗೆ ಬಾರದೆ ತಿದಿಯ ಹಿಂದೆ ಅಡಗಿದ್ದ. ಅವನೂ ಆಯಗಾರನೇ, ಅದೇ ರಾಶಿಯಿಂದ ಹೊತ್ತವನೇ. ದಿಂಡು ಹಿಡಿದು ಅವನ ಮುಂದೆ ಹೋಗಿ ನಿಂತೆ. ಬಹಳ ಹೊತ್ತು ಕೆಂಡ ಕೆದಕಿದ. ಕೊನೆಗೆ, “ನೀ ತಗೊಂಡೇನಿ ಅಂತ ಒದರಿದ ಮ್ಯಾಲ ನಾ ಎಲ್ಲಿ ಮುಖ ಮುಚ್ಚಿಕೊಳ್ಳಲೋ ಮಾರಾಯಾ,” ಎಂದು ಪಟ್ಟಿಯನ್ನೂ ಸುತ್ತಿದ, ತಾಳುಗಳ ತುದಿಗೆ ಕಬ್ಬಿಣದ ಕುಳವನ್ನೂ ಹೊಡೆದುಕೊಟ್ಟ.

ಬಿದಿರಿನದು ಇನ್ನೊಂದು ತಾಪತ್ರಯ. ಬಟ್ಟಲಿನಿಂದ ತಾಳಿಗೆ ಬೀಜ ಇಳಿಯಲು ಮೂರು ಕೊಳವೆ ಬೇಕು. ನಾವು ಬಿದಿರು ತರುತ್ತಿದ್ದದ್ದು ಆಳಂದದ ಸಂತೆಯಿಂದ, ಆ ವರ್ಷ ಸಂತೆಯೇ ನೆಟ್ಟಗೆ ಕೂಡಿರಲಿಲ್ಲ. ಅವಳ ತಮ್ಮ ಘತ್ತರಗಿಗೆ ಹೋಗಿ ದೋಣಿಯವರ ಹತ್ತಿರ ದೋಣಿ ನೂಕುವ ಮುರಿದ ಗಳವೊಂದನ್ನು ಕೇಳಿ ತಂದ. ನೀರಿನಲ್ಲಿ ಹಣ್ಣಾದ ಬಿದಿರು, ಹುಳ ಮುಟ್ಟದ್ದು. ಗಿಣ್ಣು ತೆಗೆದು, ಒಳಗೆ ಕಾಯಿಸಿದ ಸಲಾಕೆ ಆಡಿಸಿ ನುಣ್ಣಗೆ ಮಾಡಿದೆ. ಒಳಗೆ ಒಂದು ಸಿಬಿರು ಉಳಿದರೂ ಬೀಜ ಅಲ್ಲೇ ಕಚ್ಚಿ, ಆ ಸಾಲು ಪೂರ್ತಿ ಕುರುಡಾಗುತ್ತದೆ.

ಎಲ್ಲ ಕೂಡಿಸಿ ಬಟ್ಟಲು ಮೇಲಿಟ್ಟು ಕಟ್ಟಿದೆ. ಅಂಗಳದಲ್ಲಿ ಧೋತರ ಹಾಸಿ, ಕೂರಿಗೆಯನ್ನು ಎತ್ತಿ ಹಿಡಿದು, ಜೋಳ ಸುರಿಯಲು ಅವಳಿಗೆ ಹೇಳಿದೆ. ಬಿತ್ತುವಾಗ ಬೀಜ ಬಿಡುವುದು ನಮ್ಮ ಕಡೆ ಹೆಂಗಸರ ಕೈ. ಅವಳು ಮುಷ್ಟಿ ತುಂಬಿಕೊಂಡು ಬೆರಳ ಸಂದಿನಿಂದ ಬಿಟ್ಟಳು. ಮೂರು ಕುಪ್ಪೆ ಬಿದ್ದವು, ನಡುವಿನದು ಸಣ್ಣದು. ಬಿಚ್ಚಿ ನೋಡಿದರೆ ನಡುವಿನ ಕೊಳವೆ ಸ್ವಲ್ಪ ಓರೆ ಕೂತಿತ್ತು. ತಿದ್ದಿ ಮತ್ತೆ ಕಟ್ಟಿದೆ. ಈ ಸಲ ಮೂರೂ ಸಮನಾದವು. ಅವಳು ಧೋತರದ ಮೇಲಿನ ಜೋಳವನ್ನು ಒಂದೂ ಬಿಡದೆ ಸೆರಗಿಗೆ ಬಳಿದುಕೊಂಡಳು. ನನಗೆ ಖುಷಿಯಾಗಿತ್ತು, ಆದರೆ ತೋರಿಸಿಕೊಳ್ಳದೆ ಮುಂದಿನ ನೊಗ ಎಳೆದುಕೊಂಡೆ.

ಅವರು ಬಿತ್ತುವ ದಿನ ದಿಂಡು ತಾಳುತ್ತದೋ ಇಲ್ಲವೋ ಎಂದು ನೋಡುವ ನೆವದಿಂದ ಹೊಲಕ್ಕೆ ಹೋದೆ. ಪಾಟೀಲರ ಆಳು ಎತ್ತು ಕಟ್ಟಿಕೊಂಡು ಬದುವಿನ ಮೇಲೆ ಬಂದು ನಿಂತಿದ್ದ. ಅವಳ ತಮ್ಮ ಎತ್ತು ಹೊಡೆದ, ಅವಳು ಬೀಜ ಬಿಡುತ್ತ ಹೊರಟಳು. ಆಳು ಒಂದು ಸಾಲು ನೋಡಿದ, ತಿರುಗಿ ಬಂದದ್ದನ್ನೂ ನೋಡಿದ. ತಡೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲವೋ, ಹೇಳುವ ಧೈರ್ಯ ಪಾಟೀಲರಿಗೆ ಆ ಹೊತ್ತಿನಲ್ಲಿ ಇರಲಿಲ್ಲವೋ, ಎತ್ತು ತಿರುಗಿಸಿಕೊಂಡು ಹೋದ.

ಸುಗ್ಗಿ ಬಂತು. ಪಾಟೀಲರು ಮಾತು ಉಳಿಸಿಕೊಂಡರು. ಅವರ ಕಣದಲ್ಲಿ ನನಗೆ ಅಳೆದದ್ದು ಹೊಟ್ಟು ಹೆಚ್ಚಿದ್ದ ಕಡೆಯ ಜೋಳ. ಜಗಳಾಡಿ ಅರ್ಧ ಬದಲಿಸಿಕೊಂಡೆ, ಉಳಿದರ್ಧವನ್ನು ಹೆಂಡತಿ ಬೈಯುತ್ತಲೇ ಕೇರಿದಳು. ಆ ವರ್ಷ ನಮ್ಮ ಮನೆಯಲ್ಲಿ ರೊಟ್ಟಿ ಸಣ್ಣವಾದವು. ಅದಕ್ಕಾಗಿ ನಾನು ಮರುಗಲಿಲ್ಲ.

ಹೊಳೆದಂಡೆಯ ಹೊಲಕ್ಕೆ ಕೊನೆಗೆ ಹೋದೆ. ಕಣ ಸಣ್ಣದು, ರಾಶಿಯೂ ಸಣ್ಣದೇ. ಶಿಬಿರದಲ್ಲಿದ್ದಾಗ ಮಾಡಿದ ಸಾಲ, ತಮ್ಮನಿಗೆ ಕೊಡಬೇಕಾದ ಬೀಜ, ಇನ್ನೂ ಮೇಲೆ ಹುಲ್ಲು ಹೊದಿಸಿದ ಮನೆ, ಎಲ್ಲವೂ ನನಗೆ ಗೊತ್ತಿತ್ತು. ಅವಳು ಮೊರದಲ್ಲಿ ಜೋಳ ತುಂಬಿಕೊಂಡು ಬಂದಾಗ ನಾನು ಚೀಲ ಬಿಚ್ಚಲಿಲ್ಲ. “ಇರಲಿ ಬಿಡಬೇ ಯಕ್ಕಾ, ಈ ವರ್ಷ ಬ್ಯಾಡ. ಮುಂದಿನ ವರ್ಷ ನೋಡೋಣಂತ,” ಎಂದೆ.

ಅವಳು ಮೊರ ಇಳಿಸಲಿಲ್ಲ. ಪಾಟೀಲರ ಎದುರಿಗೂ ನಾನು ಕಾಣದ ಸಿಟ್ಟು ಆ ಮುಖದಲ್ಲಿ ಕಂಡೆ.

“ಯಾಕ್ರಿ, ಮುಂದಿನ ವರ್ಷ ನಾ ಬಿತ್ತೂದು ಬ್ಯಾಡೇನು? ನೀವು ತಗೊಳ್ಳಲಿಲ್ಲಂದ್ರ ನಂದು ಪಾಳಿ ಎಲ್ಲಿ ಉಳೀತದ್ರಿ? ಚೀಲ ಹಿಡೀರಿ.”

ಅಕ್ಕಪಕ್ಕದ ಕಣಗಳಲ್ಲಿ ಮಂದಿ ತೂರುವುದು ಬಿಟ್ಟು ಇತ್ತ ನೋಡುತ್ತಿದ್ದರು. ಅವರು ನೋಡಲಿ ಎಂದೇ ಅವಳು ಗಟ್ಟಿಯಾಗಿ ಅಂದಿದ್ದಳು. ನಾನು ಚೀಲದ ಬಾಯಿ ಬಿಚ್ಚಿ ಎರಡೂ ಕೈಯಲ್ಲಿ ಅಗಲಿಸಿ ಹಿಡಿದೆ. ಅವಳು ಮೊರ ಬಗ್ಗಿಸಿ ಸುರಿದಳು. ಇನ್ನೊಂದು ತುಂಬಿ ತಂದಳು, ಅದನ್ನೂ ಸುರಿದಳು. ಕಮ್ಮಿ ಇದ್ದರೆ ಹೇಳ್ರಿ ಎಂದಳು. ನಾನು ಚೀಲ ತೂಗಿ ನೋಡಿ, ಕಮ್ಮಿ ಅದ ಎಂದೆ. ಅವಳು ಮೊದಲ ಸಲ ನಕ್ಕು, ಮತ್ತೊಂದು ಮೊರ ತುಂಬಲು ರಾಶಿಗೆ ಹೋದಳು.